ಅಂಗಳದ ತುಂಬೆ: ಬೀಜದಿಂದ ಬೀಜದವರೆಗೆ

"ತುಂಬೆ ಗಿಡವನ್ನೂ ಯಾರಾದ್ರೂ ಬೆಳೆಸ್ತಾರಾ?" ಅಂತ ಕೇಳುವವರೇ ಜಾಸ್ತಿ. ಅದು ಹೊಲದ ಬದುವಿನಲ್ಲಿ, ರಸ್ತೆ ಪಕ್ಕದಲ್ಲಿ, ಹಾಳು ಬಿದ್ದ ಜಾಗದಲ್ಲಿ ತಾನಾಗಿ ಹುಟ್ಟಿ, ಹೂ ಬಿಟ್ಟು, ಒಣಗಿ ಹೋಗುವ ಗಿಡ. ನಾನು ಚಿಕ್ಕವಳಿದ್ದಾಗ ಹಾಗೇ ಇತ್ತು. ಈಗ ಮೈಸೂರಿನ ನಮ್ಮ ಬಡಾವಣೆಯಲ್ಲಿ ತುಂಬೆಯನ್ನು ಹುಡುಕಿಕೊಂಡು ಹೋಗಬೇಕು. ಖಾಲಿ ಸೈಟುಗಳು ಬೇಕಾದಷ್ಟಿವೆ. ಆದರೆ ಅವುಗಳ ತುಂಬಾ ಕಾಂಗ್ರೆಸ್ ಗಿಡ. ಇಲ್ಲದಿದ್ದರೆ ಮಳೆಗಾಲ ಮುಗಿಯುವ ಮುಂಚೆಯೇ ಯಂತ್ರ ತಂದು ಎಲ್ಲವನ್ನೂ ಬುಡದವರೆಗೆ ಕೊಚ್ಚಿ ಹಾಕಿರುತ್ತಾರೆ.

ನಮ್ಮ ಅತ್ತೆಗೆ ಶಿವರಾತ್ರಿಗೆ ತುಂಬೆ ಹೂ ಇರಲೇಬೇಕು. ಬಿಲ್ವಪತ್ರೆ ಹೇಗಾದರೂ ಸಿಗುತ್ತದೆ, ತುಂಬೆ ಸಿಗುವುದು ಕಷ್ಟ. ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ಎಲೆಯಲ್ಲಿ ಸುತ್ತಿದ ಒಂದು ಹಿಡಿ ಹೂವಿಗೆ ಕೇಳಿದಷ್ಟು ಕೊಟ್ಟು ತರುತ್ತಿದ್ದೆವು. ಮನೆಗೆ ಬಂದು ಬಿಚ್ಚಿದರೆ ಅರ್ಧ ಹೂ ಕಂದಿರುತ್ತಿತ್ತು. ಅತ್ತೆಗೋಸ್ಕರ ಮನೆಯಲ್ಲೇ ಬೆಳೆಯೋಣ ಅಂತ ಶುರು ಮಾಡಿದೆ. ಈಗ ನನಗೋಸ್ಕರ ಬೆಳೆಯುತ್ತಿದ್ದೇನೆ, ಜೇನುಗಳಿಗೋಸ್ಕರ ಬೆಳೆಯುತ್ತಿದ್ದೇನೆ.

ಬೀಜ ಯಾವ ನರ್ಸರಿಯಲ್ಲೂ ಸಿಗಲಿಲ್ಲ. ಸಸಿಯಂತೂ ದೂರದ ಮಾತು. ಹುಣಸೂರು ಕಡೆ ನನ್ನ ತವರು. ರಾಗಿ ಕೊಯ್ಲು ಮುಗಿದ ಮೇಲೆ ಅಲ್ಲಿಗೆ ಹೋದೆ. ರಾಗಿ ನಿಂತಿರುವಾಗ ತುಂಬೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಪೈರು ಕೊಯ್ದ ಮೇಲೆ ಕೂಳೆಯ ನಡುವೆ, ಬದುವಿನ ಉದ್ದಕ್ಕೂ ಬೆಳ್ಳಗೆ ಕಾಣುತ್ತದೆ. ನಾನು ಬಗ್ಗಿಕೊಂಡು ಒಣಗಿದ ಗಿಡಗಳನ್ನು ನೋಡುತ್ತಿದ್ದರೆ ಚಿಕ್ಕಪ್ಪ ಬಂದರು.

"ಅದ್ಯಾಕವ್ವಾ, ಕಳೆ ಬೀಜ ಆಯ್ಕತಿದ್ದೀಯೆ?"

"ಪಟ್ಟಣದಲ್ಲಿ ಈ ಕಳೆನೇ ಸಿಗಲ್ಲ ಚಿಕ್ಕಪ್ಪಾ."

ಅವರು ನಗಲಿಲ್ಲ. "ಹಂಗಾರೆ ಈಗ್ಲೇ ಆಯ್ಕೊ. ಕೂಳೆ ಉತ್ತ ಮೇಲೆ ಬಂದ್ರೆ ಒಂದೂ ಸಿಕ್ಕಲ್ಲ" ಅಂದರು. ಜೊತೆಗೆ ಇನ್ನೊಂದು ಮಾತು ಹೇಳಿದರು. ವರ್ಷಾವರ್ಷ ಉಳುವ ಹೊಲದಲ್ಲಿ ತುಂಬೆ ತಪ್ಪದೆ ಬರುತ್ತದಂತೆ. ಬೀಳು ಬಿಟ್ಟ ಹೊಲದಲ್ಲಿ ಮೊದಲ ವರ್ಷ ಬರುತ್ತದೆ, ಆಮೇಲೆ ಹುಲ್ಲು ಕಟ್ಟಿಕೊಂಡರೆ ಕಡಿಮೆಯಾಗುತ್ತಾ ಹೋಗುತ್ತದಂತೆ. ಕಳೆನಾಶಕ ಹೊಡೆದ ಕಡೆ ಬರುವುದೇ ಇಲ್ಲ. ಆ ಮಾತನ್ನು ನಾನು ಆಮೇಲೆ ಎಷ್ಟು ಸಲ ನೆನೆಸಿಕೊಂಡಿದ್ದೇನೋ.

ಬೀಜ ಬಲಿತಿದೆಯಾ ಅಂತ ನೋಡುವುದು ಸುಲಭ. ಕಾಂಡದ ಗೆಣ್ಣುಗಳಲ್ಲಿ ಸುತ್ತಲೂ ಹಸಿರು ಉಂಡೆಗಳಿರುತ್ತವಲ್ಲ, ಆ ಉಂಡೆಯೊಳಗೆ ಒಂದೊಂದು ಹೂವಿಗೂ ಒಂದೊಂದು ಪುಟ್ಟ ಬಟ್ಟಲು. ಬಿಳಿ ಹೂ ಉದುರಿದ ಮೇಲೂ ಬಟ್ಟಲು ಗಿಡದಲ್ಲೇ ಉಳಿಯುತ್ತದೆ. ಅದರ ತಳದಲ್ಲಿ ಬೀಜ ಕಟ್ಟುತ್ತದೆ. ಒಂದು ಬಟ್ಟಲಿಗೆ ಹೆಚ್ಚೆಂದರೆ ನಾಲ್ಕು ಬೀಜ. ಬಟ್ಟಲು ಹಸಿರಾಗಿದ್ದರೆ ಬೀಜ ಇನ್ನೂ ಎಳೆಯದು. ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ಕಂದು ಬಣ್ಣದ, ನುಣುಪಾದ, ಸಾಸಿವೆಗಿಂತ ಸಪೂರವಾದ ಬೀಜಗಳು ಸಡಿಲವಾಗಿ ಕೂತಿರುತ್ತವೆ. ಗಿಡವನ್ನು ಬಗ್ಗಿಸಿ ಕಾಗದದ ಮೇಲೆ ತಟ್ಟಿದರೆ ಉದುರುತ್ತವೆ. ಎಲ್ಲಾ ಗಿಡಗಳನ್ನೂ ಬರಿದು ಮಾಡಬೇಡಿ. ಒಂದು ಗಿಡಕ್ಕೆ ಎರಡು ಸಲ ತಟ್ಟಿ ಮುಂದಕ್ಕೆ ಹೋಗಿ. ಉಳಿದದ್ದು ಆ ಹೊಲಕ್ಕೆ ಬೇಕು.

ತುಂಬೆ ಅಂತ ಕರೆಯುವ ಗಿಡಗಳು ಹಲವು ಇವೆ. ನಾನು ಹೇಳುತ್ತಿರುವುದು ಒಂದರಿಂದ ಎರಡು ಅಡಿ ಬೆಳೆಯುವ, ಸಪೂರ ಎಲೆಯ, ಬಿಳಿ ಹೂವಿನ ಸಾಮಾನ್ಯ ತುಂಬೆ. ಸಸ್ಯಶಾಸ್ತ್ರದವರು ಇದನ್ನು ಲ್ಯೂಕಾಸ್ ಆಸ್ಪೆರಾ ಅನ್ನುತ್ತಾರೆ. ನಮ್ಮ ನೆಲದ್ದೇ ಗಿಡ. ಕರಿತುಂಬೆ ಬೇರೆ. ಅದರ ಎಲೆ ದಪ್ಪ, ಮೈಯೆಲ್ಲಾ ತುಪ್ಪಳ, ಹೂವಿಗೆ ನೇರಳೆ ಛಾಯೆ, ಗಿಡವೂ ಎತ್ತರ. ಇವೆಲ್ಲಾ ತುಳಸಿ, ಪುದಿನ, ದೊಡ್ಡಪತ್ರೆಯ ಬಳಗದವೇ. ಎಲೆ ಹಿಸುಕಿದರೆ ಒಂದೊಂದಕ್ಕೂ ಒಂದೊಂದು ಘಾಟು.

ಮನೆ ಮುಂದೆ ಗೇಟಿನಿಂದ ಬಾವಿ ಕಟ್ಟೆಯವರೆಗೆ ನಮಗೊಂದು ಉದ್ದನೆಯ ಪಟ್ಟಿ ಜಾಗ ಇದೆ. ಕೆಂಪು ಮಣ್ಣು. ಬೆಳಗ್ಗೆಯಿಂದ ಮಧ್ಯಾಹ್ನ ಮೂರು ಗಂಟೆಯವರೆಗೆ ಬಿಸಿಲು. ತುಂಬೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ನೆರಳಲ್ಲಿ ಬೆಳೆದದ್ದು ಸುಮ್ನೆ ಉದ್ದಕ್ಕೆ ಎದ್ದು ವಾಲುತ್ತದೆ. ನೀರು ನಿಲ್ಲುವ ಜಾಗದಲ್ಲಿ ಬೇರು ಕೊಳೆಯುತ್ತದೆ. ನಿಮ್ಮದು ಎರೆಮಣ್ಣಾದರೆ ಸ್ವಲ್ಪ ಮರಳು ಬೆರೆಸಿ ಮಡಿ ಏರಿಸಿಕೊಳ್ಳಿ.

ಬಿತ್ತನೆ ನಾನು ವರ್ಷಕ್ಕೆ ಎರಡು ಸಲ ಮಾಡುತ್ತೇನೆ. ಮೊದಲನೆಯದು ಕಾರ ಹುಣ್ಣಿಮೆಯ ಆಸುಪಾಸು, ಶ್ರಾವಣ ಸೋಮವಾರಗಳಿಗೆ ಹೂ ಬೇಕು ಅಂತ. ಎರಡನೆಯದರ ವಿಷಯ ಆಮೇಲೆ ಹೇಳುತ್ತೇನೆ. ಮಣ್ಣಿನ ಮೇಲ್ಪದರವನ್ನು ಕುರ್ಚಿಗೆಯಿಂದ ಒಂದೆರಡು ಬೆರಳಿನಷ್ಟು ಕೆದಕಿ, ಕಲ್ಲು ಆರಿಸಿ, ಕೈಯಿಂದ ಸಮ ಮಾಡುತ್ತೇನೆ. ಬೀಜ ತೀರಾ ಸಣ್ಣದು, ಅದಕ್ಕೇ ಒಂದು ಹಿಡಿ ಒಣ ಮರಳಿನ ಜೊತೆ ಕಲಸಿ ಎರಚುತ್ತೇನೆ. ಮೇಲೆ ಮಣ್ಣು ಮುಚ್ಚುವುದಿಲ್ಲ. ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ಮಳೆ ಬರದಿದ್ದರೆ ಸಣ್ಣ ತೂತುಗಳ ಬಾಯಿಯ ಕ್ಯಾನಿನಲ್ಲಿ ನೀರು. ಪೈಪ್ ಹಿಡಿದರೆ ಬೀಜವೆಲ್ಲಾ ಒಂದು ಮೂಲೆಗೆ ಹರಿದು ಹೋಗುತ್ತದೆ. ಇನ್ನೊಂದು ವಿಷಯ. ಆಗ ತಾನೇ ಉದುರಿದ ಹೊಸ ಬೀಜಕ್ಕಿಂತ ಕಾಗದದ ಕವರಿನಲ್ಲಿ ಕೆಲವು ತಿಂಗಳು ಇಟ್ಟ ಬೀಜ ನಮ್ಮಲ್ಲಿ ಚೆನ್ನಾಗಿ ಹುಟ್ಟಿದೆ.

ಆಮೇಲಿನ ದಿನಗಳಲ್ಲಿ ಬೇಕಾದದ್ದು ತಾಳ್ಮೆ. ತುಂಬೆ ಹುಟ್ಟುವ ಹೊತ್ತಿಗೆ ಇನ್ನೂ ಹತ್ತು ಜಾತಿಯ ಕಳೆ ಹುಟ್ಟಿರುತ್ತದೆ. ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ನಾನು ಕಂಡುಕೊಂಡ ಉಪಾಯ ಇಷ್ಟೇ. ಎರಡು ಮೂರು ಜೊತೆ ಎಲೆ ಬರುವವರೆಗೆ ಏನನ್ನೂ ಕೀಳಬೇಡಿ. ಆಮೇಲೆ ಕಾಂಡವನ್ನು ಎರಡು ಬೆರಳ ನಡುವೆ ಹಿಡಿದು ಹೊರಳಿಸಿ ನೋಡಿ. ತುಂಬೆಯ ಕಾಂಡ ಚೌಕ. ನಾಲ್ಕು ಮೂಲೆ ಬೆರಳಿಗೆ ತಾಗುತ್ತದೆ. ಎಲೆಗಳು ಎದುರುಬದುರಾಗಿ ಜೋಡಿ ಜೋಡಿಯಾಗಿರುತ್ತವೆ. ಕಾಂಗ್ರೆಸ್ ಗಿಡದ ಎಲೆ ಸೀಳು ಸೀಳಾಗಿ ನೆಲಕ್ಕೆ ಹರಡಿಕೊಂಡಿರುತ್ತದೆ, ಅದನ್ನು ಗುರುತಿಸುವುದು ಕಷ್ಟವಿಲ್ಲ. ಆ ಗಿಡವನ್ನು ಮಾತ್ರ ನಾನು ಎಳೆಯದಾಗಿರುವಾಗಲೇ ಕಿತ್ತು ಹಾಕುತ್ತೇನೆ. ಕೈಗೆ ಗ್ಲೌಸ್ ಹಾಕಿಕೊಂಡು. ಕೆಲವರಿಗೆ ಅದು ತಾಗಿದರೆ ಚರ್ಮ ಕೆರೆಯುತ್ತದೆ, ಬೊಕ್ಕೆ ಏಳುತ್ತದೆ.

ಅಮೆರಿಕ ಖಂಡದಿಂದ ಬಂದ ಆ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿತ್ತು. ಈಗ ತುಂಬೆಗೆ ಬೇಕಾದ ಬಯಲು ಜಾಗಗಳನ್ನೆಲ್ಲಾ ಅದೇ ಹಿಡಿದುಕೊಂಡಿದೆ. ಅದನ್ನು ತಿನ್ನುವ ಒಂದು ಪುಟ್ಟ ಜೀರುಂಡೆಯನ್ನು ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಮಳೆಗಾಲದಲ್ಲಿ ನಮ್ಮ ಪಕ್ಕದ ಸೈಟಿನಲ್ಲೂ ಅದು ಕಾಣಿಸುತ್ತದೆ. ಬೆನ್ನ ಮೇಲೆ ಕಂದು ಗೆರೆಗಳಿರುವ ಹುಳು. ಕಾಂಗ್ರೆಸ್ ಎಲೆಗಳನ್ನು ಜರಡಿ ಮಾಡಿ ಬಿಡುತ್ತದೆ. ಪಕ್ಕದಲ್ಲೇ ಇರುವ ತುಂಬೆಯನ್ನು ಅದು ಮುಟ್ಟಿದ್ದನ್ನು ನಾನು ನೋಡಿಲ್ಲ.

ಸಸಿ ಒತ್ತಾಗಿದ್ದರೆ ಕಿತ್ತು ಬೇರೆ ಕಡೆ ನೆಡಬಹುದು. ಬೆರಳುದ್ದ ಇರುವಾಗ, ಸಂಜೆ ಹೊತ್ತು, ಬುಡದ ಮಣ್ಣಿನ ಸಮೇತ. ಒಂದು ಗೇಣು ಅಂತರ ಇರಲಿ. ದೊಡ್ಡದಾದ ಮೇಲೆ ಕಿತ್ತರೆ ಚೇತರಿಸಿಕೊಳ್ಳುವುದು ನಿಧಾನ.

ಗೊಬ್ಬರ ಎಷ್ಟು ಹಾಕಬೇಕು ಅಂತ ತಿಳಿಯಲು ಬೇಕಂತಲೇ ಎರಡು ಕುಂಡ ಇಟ್ಟೆ. ಒಂದಕ್ಕೆ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ, ಇನ್ನೊಂದಕ್ಕೆ ಬರೀ ಅಂಗಳದ ಮಣ್ಣು. ಗೊಬ್ಬರದ ಕುಂಡದಲ್ಲಿ ಎಲೆ ಅಗಲವಾಯಿತು, ಕಡು ಹಸಿರಾಯಿತು, ಗಿಡ ಎದ್ದು ನಿಂತಿತು. ಅತ್ತೆಗೆ ಅದನ್ನು ನೋಡಿ ಖುಷಿಯೋ ಖುಷಿ. ಆದರೆ ಹೂ ತಡವಾಯಿತು, ಒಂದು ಜೋರು ಮಳೆಗೆ ಗಿಡ ಮಲಗಿಬಿಟ್ಟಿತು. ಬರೀ ಮಣ್ಣಿನ ಕುಂಡದ್ದು ಕುಳ್ಳಾಗಿ, ಗಟ್ಟಿಯಾಗಿ ನಿಂತು ಮೊದಲು ಹೂ ಬಿಟ್ಟಿತು. ಅಂದಿನಿಂದ ತುಂಬೆ ಪಟ್ಟಿಗೆ ಗೊಬ್ಬರ ಹಾಕಿಲ್ಲ. ಗುಲಾಬಿಗೆ ಮಾಡುವ ಆರೈಕೆ ಇದಕ್ಕೆ ಬೇಡ.

ಆದರೆ ಒಂದು ಆರೈಕೆ ಮಾತ್ರ ಮಾಡುತ್ತೇನೆ. ಗಿಡ ಗೇಣುದ್ದ ಆದಾಗ ತುದಿ ಚಿವುಟುತ್ತೇನೆ. ಪಕ್ಕಗಳಿಂದ ಕವಲು ಬರುತ್ತದೆ. ಕವಲು ಹೆಚ್ಚಾದಷ್ಟೂ ಹೂ ಹೆಚ್ಚು. ನೀರು ಮಳೆ ತಪ್ಪಿದಾಗ ಮಾತ್ರ. ಹಿಟ್ಟು ತಿಗಣೆ ಒಂದೆರಡು ಗಿಡದ ತುದಿಗೆ ಹತ್ತಿತ್ತು. ಆ ತುದಿಗಳನ್ನೇ ಕತ್ತರಿಸಿ ದೂರ ಹಾಕಿದೆ. ಔಷಧಿ ಹೊಡೆಯುವ ಮಾತೇ ಇಲ್ಲ. ಈ ಹೂವನ್ನು ದೇವರಿಗೂ ಇಡುತ್ತೇವೆ, ಅಡುಗೆಗೂ ಹಾಕುತ್ತೇವೆ, ಅದರ ಮೇಲೆ ದಿನವಿಡೀ ಜೇನು ಕೂರುತ್ತದೆ.

ಬಿತ್ತಿ ಒಂದೂವರೆ ಎರಡು ತಿಂಗಳಿಗೆ ಹೂ ಶುರು. ತುಂಬೆಯನ್ನು ದೂರದಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ. ಕೂತು, ಮುಖ ಹತ್ತಿರ ತಂದು ನೋಡಬೇಕು. ಹೂವಿಗೆ ಎರಡು ತುಟಿ. ಮೇಲಿನದು ಚಿಕ್ಕದು, ಬಿಳಿ ರೋಮ ತುಂಬಿದ ಮುಸುಕು. ಕೆಳಗಿನದು ಅಗಲವಾಗಿ ಮುಂದಕ್ಕೆ ಚಾಚಿರುತ್ತದೆ. ಜೇನಿಗೆ ಇಳಿಯುವ ಜಾಗ ಅದು. ಪರಾಗ ಇರುವುದು ಮೇಲಿನ ಮುಸುಕಿನ ಒಳಗೆ. ಹುಳು ಕೆಳತುಟಿಯ ಮೇಲೆ ಕೂತು ಮಕರಂದಕ್ಕೆ ಬಾಯಿ ಹಾಕಿದಾಗ ಅದರ ತಲೆಗೆ ಪರಾಗ ಬಳಿದುಕೊಳ್ಳುತ್ತದೆ. ಮುಂದಿನ ಹೂವಿಗೆ ಹೋದಾಗ ಅಲ್ಲಿಗೆ ಅಂಟುತ್ತದೆ. ಇಷ್ಟು ಸಣ್ಣ ಹೂವಿನಲ್ಲಿ ಇಂಥ ಏರ್ಪಾಡು!

ನಮ್ಮಲ್ಲಿಗೆ ತುಡುವೆ ಜೇನು ಬರುತ್ತದೆ, ಕೋಲುಜೇನು ಬರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ ನೀಲಿ ಪಟ್ಟೆಯ ಒಂಟಿ ಜೇನು. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಗೆರೆಗಳು. ಅದು ಗೂಡು ಕಟ್ಟಿ ಗುಂಪಾಗಿ ಬಾಳುವ ಜಾತಿಯಲ್ಲ. ಹೆಣ್ಣು ಹುಳು ಮಣ್ಣಿನಲ್ಲಿ, ಮಣ್ಣಿನ ಗೋಡೆಯಲ್ಲಿ ತನ್ನಷ್ಟಕ್ಕೆ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಗಾಳಿಯಲ್ಲೇ ನಿಂತು, ಥಟ್ಟನೆ ಹೂವಿಗೆ ನುಗ್ಗಿ, ಮುಂದಿನದಕ್ಕೆ ಹಾರುತ್ತದೆ. ಫೋಟೊ ತೆಗೆಯಲು ಬಿಡುವುದೇ ಇಲ್ಲ. ತುಂಬೆ ಹಾಕುವ ಮುಂಚೆ ನಮ್ಮ ಅಂಗಳದಲ್ಲಿ ನಾನು ಅದನ್ನು ಕಂಡಿರಲಿಲ್ಲ. ಪಕ್ಕದ ಮನೆಯ ಕಾಂಪೌಂಡಿನ ಹಳೇ ಮಣ್ಣಿನ ಗೋಡೆಯಲ್ಲಿ ಅದರ ಬಿಲಗಳಿವೆ ಅಂತ ಈಗ ಗೊತ್ತಾಗಿದೆ. ಆ ಗೋಡೆಗೆ ಸಿಮೆಂಟ್ ಬಳಿಯಬೇಡಿ ಅಂತ ಆ ಮನೆಯವರಿಗೆ ಹೇಳಿಕೊಂಡಿದ್ದೇನೆ.

ಹೂ ಕೀಳುವುದು ಬೆಳಗ್ಗೆ, ಇಬ್ಬನಿ ಆರಿದ ಮೇಲೆ. ಇದರಲ್ಲಿ ಒಂದು ಕ್ರಮ ಇದೆ, ಅತ್ತೆ ಕಲಿಸಿದ್ದು. ಉಂಡೆಯನ್ನು ಮುರಿಯಬಾರದು. ಬಿಳಿ ಹೂವನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಬಟ್ಟಲಿನಿಂದ ಜಾರಿ ಬರುತ್ತದೆ. ಬಟ್ಟಲು ಗಿಡದಲ್ಲೇ ಉಳಿಯುತ್ತದೆ. ಜೇನು ಅಷ್ಟರಲ್ಲಿ ಬಂದು ಹೋಗಿದ್ದರೆ ಹೂ ಕಿತ್ತರೂ ಬೀಜ ಕಟ್ಟುತ್ತದೆ. ಅವಸರದವರು ಉಂಡೆಯನ್ನೇ ಚಿವುಟಿ ತರುತ್ತಾರೆ. ಆಗ ಇವತ್ತಿನ ಹೂವಿನ ಜೊತೆ ನಾಳಿನ ಮೊಗ್ಗೂ ಹೋಯಿತು, ಮುಂದಿನ ವರ್ಷದ ಗಿಡವೂ ಹೋಯಿತು.

ಹೂ ಕೀಳುವಾಗ ಅತ್ತೆ ಹೇಳುವ ಕಥೆ ಒಂದಿದೆ. ತುಂಬೆ ಶಿವನನ್ನು ಕುರಿತು ತಪಸ್ಸು ಮಾಡಿತಂತೆ. ಶಿವ ಎದುರಿಗೆ ಬಂದು ನಿಂತ. ಕಂಡ ಸಂಭ್ರಮಕ್ಕೆ ತುಂಬೆಯ ನಾಲಿಗೆ ತಡವರಿಸಿತು. ನಿನ್ನ ಪಾದ ನನ್ನ ತಲೆಯ ಮೇಲಿರಲಿ ಅನ್ನುವುದಕ್ಕೆ ನನ್ನ ಪಾದ ನಿನ್ನ ತಲೆಯ ಮೇಲಿರಲಿ ಅಂದುಬಿಟ್ಟಿತು. ಶಿವ ನಕ್ಕು, ಹಾಗೇ ಆಗಲಿ ಅಂದ. ಅದಕ್ಕೇ ತುಂಬೆ ಹೂ ಪುಟ್ಟ ಪಾದದ ಆಕಾರದಲ್ಲಿದೆ, ಅದಕ್ಕೇ ಅದು ಲಿಂಗದ ನೆತ್ತಿಯ ಮೇಲೆ ಕೂರುತ್ತದೆ. ಹೂವನ್ನು ತಿರುಗಿಸಿ ನೋಡಿ, ನಿಜವಾಗಿಯೂ ಪಾದವೇ. ಕಾಸರಗೋಡಿನಲ್ಲಿರುವ ನನ್ನ ಓರಗಿತ್ತಿ ಹೇಳುವ ಪ್ರಕಾರ ಅಲ್ಲಿ ಓಣಂ ಹೂವಿನ ರಂಗೋಲಿಗೆ ತುಂಬೆ ಬೇಕೇ ಬೇಕು. ಅಲ್ಲೂ ಪೇಟೆ ಕಡೆ ಸಿಗುವುದು ಕಷ್ಟವಾಗಿದೆಯಂತೆ.

ಹೂ ಹೆಚ್ಚಿರುವ ದಿನ ತಂಬುಳಿ ಮಾಡುತ್ತೇವೆ. ಹೂವನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ತೆಂಗಿನಕಾಯಿ ತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಡುವುದು. ಬಿಸಿ ಅನ್ನಕ್ಕೆ ಚೆನ್ನಾಗಿರುತ್ತದೆ.

ಇಲ್ಲಿಯವರೆಗೂ ಯಾರೂ ಏನೂ ಅನ್ನುವುದಿಲ್ಲ. ನಿಜವಾದ ಪರೀಕ್ಷೆ ಹೂ ಮುಗಿದ ಮೇಲೆ. ತುಂಬೆ ಒಂದು ಮಳೆಗಾಲದ ಗಿಡ. ಬುಡದ ಎಲೆ ಹಳದಿಯಾಗಿ ಉದುರುತ್ತದೆ. ಕಾಂಡ ಕಂದಾಗುತ್ತದೆ. ಉಂಡೆಗಳು ಒಣಗಿ ಚುಚ್ಚುತ್ತವೆ. ಮನೆಗೆ ಬಂದವರೆಲ್ಲಾ, ಗೇಟಿನ ಹತ್ತಿರ ಇದೇನು ಒಣ ಕಡ್ಡಿ, ನೀರು ಹಾಕಿಲ್ಲವಾ ಅಂತ ಕೇಳುತ್ತಾರೆ. ತಿಂಗಳಿಗೊಮ್ಮೆ ತೋಟದ ಕೆಲಸಕ್ಕೆ ಬರುವ ಹುಡುಗನಂತೂ ಗುದ್ದಲಿ ಹಿಡಿದೇ ಬಂದಿದ್ದ.

"ಅಕ್ಕಾ, ಇದೆಲ್ಲಾ ಒಣಗೋಯ್ತು. ಕಿತ್ತಾಕ್ಬಿಡ್ಲಾ?"

"ಬೇಡಪ್ಪಾ. ಬೀಜ ಉದುರ್ಲಿ."

"ಬೀಜ ಉದುರಿದ್ರೆ ಮತ್ತೆ ಹುಟ್ಟುತ್ತಲ್ಲಕ್ಕಾ?"

"ಹುಟ್ಲಿ ಅಂತಾನೇ ಬಿಟ್ಟಿರೋದು."

ಅವನನ್ನು ಕೂರಿಸಿ ಒಂದು ಒಣ ಉಂಡೆ ಬಿಡಿಸಿ ಅಂಗೈಗೆ ಬೀಜ ಉದುರಿಸಿ ತೋರಿಸಿದೆ. ಅವನ ಊರು ನಂಜನಗೂಡಿನ ಆಚೆ. ಇಷ್ಟು ವರ್ಷ ಈ ಗಿಡ ಕಿತ್ತಿದ್ದೀನಿ, ಬೀಜ ನೋಡಿದ್ದು ಇದೇ ಮೊದಲು ಅಂದ. ಈಗ ಬೇರೆ ಮನೆಗಳಲ್ಲಿ ತುಂಬೆ ಕಂಡರೆ ಕೀಳುವ ಮುಂಚೆ ಅಲ್ಲಿಯವರನ್ನು ಕೇಳುತ್ತಾನಂತೆ.

ಒಂದು ವರ್ಷ ಬಾಳುವ ಗಿಡಕ್ಕೆ ಬೇರು ಉಳಿಯುವುದಿಲ್ಲ, ಗಡ್ಡೆ ಇಲ್ಲ, ಕೊಂಬೆ ಚಿಗುರುವುದಿಲ್ಲ. ಅದರ ಮುಂದಿನ ವರ್ಷವೆಲ್ಲಾ ಆ ಒಣ ಬಟ್ಟಲಿನಲ್ಲೇ ಇದೆ. ಹಸಿರಾಗಿರುವಾಗ ನೀರು ಹಾಕುವುದಕ್ಕಿಂತ ಒಣಗಿರುವಾಗ ಸುಮ್ಮನೆ ಬಿಡುವುದೇ ತುಂಬೆಗೆ ದೊಡ್ಡ ಆರೈಕೆ. ಖಾಲಿ ಸೈಟುಗಳಲ್ಲಿ ತುಂಬೆ ಯಾಕೆ ಇಲ್ಲವಾಯಿತು ಅಂತ ನನಗೆ ಅರ್ಥವಾದದ್ದೂ ಆಗಲೇ. ಸೊಳ್ಳೆ ಕಾಟಕ್ಕೋ, ಹಾವಿನ ಭಯಕ್ಕೋ ಸೈಟು ಶುಚಿ ಮಾಡುವುದು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ತುಂಬೆ ಹೂ ಬಿಟ್ಟು, ಬೀಜ ಇನ್ನೂ ಎಳೆಯದಾಗಿರುವ ಹೊತ್ತಿಗೇ ಯಂತ್ರ ಬರುತ್ತದೆ. ಎರಡು ಮೂರು ವರ್ಷ ಹೀಗೇ ಆದರೆ ಮಣ್ಣಿನಲ್ಲಿದ್ದ ಬೀಜ ಖರ್ಚಾಗುತ್ತದೆ, ಹೊಸದು ಸೇರುವುದಿಲ್ಲ. ಕಳೆನಾಶಕ ಹೊಡೆದರಂತೂ ಇನ್ನೂ ಬೇಗ.

ಈಗ ಎರಡನೇ ಬಿತ್ತನೆಯ ವಿಷಯ. ಕಾರ ಹುಣ್ಣಿಮೆಗೆ ಬಿತ್ತಿದ್ದು ಡಿಸೆಂಬರಿಗೆ ಒಣಗುತ್ತದೆ. ಶಿವರಾತ್ರಿ ಬರುವುದು ಫೆಬ್ರವರಿಯಲ್ಲಿ, ಇಲ್ಲವೇ ಮಾರ್ಚಿನಲ್ಲಿ. ಅದಕ್ಕೇ ದೀಪಾವಳಿ ಹೊತ್ತಿಗೆ ಹಿಂದಿನ ವರ್ಷದ ಬೀಜ ಇನ್ನೊಂದು ಸಲ ಎರಚುತ್ತೇನೆ. ಮೈಸೂರಿನಲ್ಲಿ ಆಗ ಹಿಂಗಾರು ಮಳೆಯ ತೇವ ಇನ್ನೂ ಇರುತ್ತದೆ. ಚಳಿಗೆ ಬೆಳವಣಿಗೆ ನಿಧಾನ. ಸಂಕ್ರಾಂತಿ ಕಳೆದ ಮೇಲೆ ಬಿಸಿಲು ಏರುತ್ತದೆ, ಆಗ ವಾರಕ್ಕೆ ಎರಡು ಮೂರು ಸಲ ಬುಡಕ್ಕೆ ನೀರು ಬೇಕು. ಗಿಡ ಮಳೆಗಾಲದ್ದಕ್ಕಿಂತ ಗಿಡ್ಡ, ಹೂವೂ ಸ್ವಲ್ಪ ಕಡಿಮೆ. ಆದರೂ ಶಿವರಾತ್ರಿ ಬೆಳಗ್ಗೆ ಒಂದು ಬಟ್ಟಲು ಹೂ ಸಿಕ್ಕೇ ಸಿಗುತ್ತದೆ. ಮೊದಲ ಸಲ ಅತ್ತೆ ತಾವೇ ಕಿತ್ತು ತಂದು ಪೂಜೆ ಮುಗಿಸಿ ಉಳಿದದ್ದನ್ನು ಬೀದಿಯ ನಾಲ್ಕು ಮನೆಗೆ ಹಂಚಿದರು. ಮಾರ್ಕೆಟ್ಟಿಗೆ ಆ ವರ್ಷ ಹೋಗಲಿಲ್ಲ, ಆಮೇಲೂ ಹೋಗಿಲ್ಲ.

ಎರಡನೇ ವರ್ಷದಿಂದ ಬಿತ್ತುವ ಕೆಲಸ ಕಡಿಮೆಯಾಯಿತು. ಮೇ ತಿಂಗಳ ಮಳೆ ಬಿದ್ದ ಮೇಲೆ ಉದುರಿದ್ದ ಬೀಜವೇ ಹುಟ್ಟಿತು. ಆದರೆ ಎಲ್ಲಾ ಕಡೆ ಅಲ್ಲ. ತೇವ ಉಳಿಯಲಿ ಅಂತ ಒಣ ಎಲೆ ಹೊದಿಸಿದ್ದ ಕಡೆ ಒಂದೂ ಕಾಣಲಿಲ್ಲ. ಮಲ್ಲಿಗೆ ಬುಡ ಅಗೆದು ಮಣ್ಣು ತೆರೆದಿದ್ದ ಕಡೆ ಒತ್ತಾಗಿ ಬಂದಿತ್ತು. ಚಿಕ್ಕಪ್ಪ ಹೇಳಿದ ಉಳುವ ಹೊಲದ ಮಾತು ಇದೇ ಅಲ್ವಾ? ಹೊಲದಲ್ಲಿ ನೇಗಿಲು ಮಾಡುವ ಕೆಲಸವನ್ನು ಅಂಗಳದಲ್ಲಿ ನಾವು ಮಾಡಬೇಕು. ಈಗ ಏಪ್ರಿಲ್ ಕೊನೆಗೆ, ಮೊದಲ ಮಳೆಗೆ ಮುಂಚೆ, ಆ ಪಟ್ಟಿಯ ಎಲೆ ಕಸ ಗುಡಿಸಿ ತೆಗೆದು ಮಣ್ಣನ್ನು ಮೇಲೆ ಮೇಲೆ ಕೆದಕಿ ಬಿಡುತ್ತೇನೆ. ಉಳಿದ ಗಿಡಗಳಿಗೆ ಹೊದಿಕೆ ಬೇಕು, ತುಂಬೆಗೆ ಬರೀ ನೆಲ ಬೇಕು.

ಪ್ರತಿ ವರ್ಷ ಒಂದು ಪಾಲು ಬೀಜ ಕವರಿಗೆ ಹಾಕಿ, ಮೇಲೆ ತಿಂಗಳು ಬರೆದು, ಡಬ್ಬಿಯಲ್ಲಿಡುತ್ತೇನೆ. ಕೇಳಿದವರಿಗೆ ಕೊಡುತ್ತೇನೆ. ಕೊಡುವಾಗ ಎರಡೇ ಮಾತು ಹೇಳುವುದು. ಮಣ್ಣು ಮುಚ್ಚಬೇಡಿ, ಒಣಗಿದ ಮೇಲೆ ಕೀಳಬೇಡಿ. ಈ ಸಲ ನಮ್ಮ ಬಡಾವಣೆಯ ಪಾರ್ಕಿನವರ ಹತ್ತಿರವೂ ಮಾತಾಡಿದ್ದೇವೆ. ಹಿಂದಿನ ಗೋಡೆ ಪಕ್ಕದ ಒಂದು ಪಟ್ಟಿಯನ್ನು ಜನವರಿವರೆಗೆ ಕೊಚ್ಚದೆ ಬಿಡಲು ಒಪ್ಪಿದ್ದಾರೆ. ಅಲ್ಲಿ ಕಾಂಗ್ರೆಸ್ ಗಿಡ ಕಿತ್ತು ಶುಚಿ ಮಾಡುವ ಕೆಲಸ ನಮ್ಮದು. ಬೀದಿಯ ಕೆಲವು ಹೆಂಗಸರು, ಮಕ್ಕಳು ಸೇರಿ ಅರ್ಧ ಪಟ್ಟಿ ಮುಗಿಸಿದ್ದೇವೆ. ಉಳಿದರ್ಧ ಮುಂದಿನ ಭಾನುವಾರ.